ಸಿನಿಮಾ ನೋಡಿ ಬದುಕು ಕಲಿತೆ ಅಂದರೆ ತಪ್ಪಾ?

ಸಂಜೆಗಾಳಿ
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಎರಡು ದಿನದಿಂದ ತಲೆ ಕೊರೆಯುತ್ತಿದೆ. ನೀವೇನು ಹೇಳುತ್ತೀರೋ ನೋಡೋಣ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪನಿಗೆ ಮರೆವಿನ ಕಾಯಿಲೆ. ಮೂರು ವರ್ಷ ಆಯಿತು. "ಇವತ್ತು ಯಾವ ವಾರ?" ಅಂತ ಕೇಳುತ್ತಾರೆ. ಹೇಳುತ್ತೇನೆ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಮೊದಲೆರಡು ಸಲ ಸಮಾಧಾನವಾಗಿ ಉತ್ತರ ಕೊಡುತ್ತೇನೆ. ನಾಲ್ಕನೇ ಸಲಕ್ಕೆ ದನಿ ಏರುತ್ತದೆ. ಆಗ ಅವರ ಮುಖ ಚಿಕ್ಕದಾಗುತ್ತದೆ. ತಾನು ಏನು ಮಾಡಿದೆ ಅಂತ ಅವರಿಗೆ ಗೊತ್ತಿಲ್ಲ. ಏನೋ ತಪ್ಪಾಗಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಮೊನ್ನೆ ರಾತ್ರಿ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡಿದೆ. 2016ರ ಸಿನಿಮಾ, ನಾನು ನೋಡಿದ್ದು ಈಗ. ಅನಂತ್ ನಾಗ್ ಅವರದ್ದು ಮರೆವಿನ ಕಾಯಿಲೆಯ ಅಪ್ಪನ ಪಾತ್ರ. ಅಪ್ಪ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಹೆಸರೇ ಕಾಣೆಯಾದವರ ಪ್ರಕಟಣೆಯ ಸಾಲು. ಅರ್ಧಕ್ಕೆ ನಿಲ್ಲಿಸಿಬಿಟ್ಟೆ. ನಾಳೆ ನಮ್ಮಪ್ಪ ಕಳೆದುಹೋದರೆ ನಾನು ಏನಂತ ಬರೆಸಲಿ? ಎತ್ತರ ಎಷ್ಟು? ಇವತ್ತು ಯಾವ ಅಂಗಿ ಹಾಕಿದ್ದಾರೆ? ನನಗೆ ಗೊತ್ತಿರಲಿಲ್ಲ. ಎದ್ದು ಹೋಗಿ ನೋಡಿದೆ. ಅಂಗಿಯಲ್ಲೇ ಮಲಗಿದ್ದರು. ನೀಲಿ ಗೆರೆಯ ಅಂಗಿ. ಮೇಲಿನಿಂದ ಎರಡನೇ ಗುಂಡಿ ಇಲ್ಲ. ಆ ಜಾಗದಲ್ಲಿ ಒಂದು ಪಿನ್ನು ಚುಚ್ಚಿಕೊಂಡಿದ್ದಾರೆ. ಎಷ್ಟು ದಿನದಿಂದ ಹಾಗಿತ್ತೋ. ಬೆಳಿಗ್ಗೆ ಗುಂಡಿ ಹೊಲಿದೆ.

ಇದನ್ನು ಅಣ್ಣನಿಗೆ ಹೇಳಿದೆ. "ಮೂರು ವರ್ಷದಿಂದ ಡಾಕ್ಟರ್ ಹೇಳಿದ್ದು ತಲೆಗೆ ಹೋಗಲಿಲ್ಲ, ಸಿನಿಮಾ ನೋಡಿ ಬುದ್ಧಿ ಬಂತಾ?" ಅಂತ ನಕ್ಕ. ತುಂಬಾ ಬೇಜಾರಾಯಿತು.

ನನ್ನ ಪ್ರಶ್ನೆ ಇಷ್ಟೇ. ಜನಪ್ರಿಯ ಸಿನಿಮಾದಿಂದ ಬದುಕಿನ ಪಾಠ, ಅಧ್ಯಾತ್ಮ ಅಂತೀವಲ್ಲ ಅದು ಕೂಡ, ಸಿಗಬಾರದಾ? ನಿಮಗೆ ಹೀಗೆ ಆಗಿದೆಯಾ? ಆಗಿದ್ದರೆ ಅದು ಉಳಿಯಿತಾ?

ಹಳೆರೀಲು
ಖಂಡಿತ ಸಿಗುತ್ತದೆ. ಅಣ್ಣ ನಕ್ಕರೆ ನಗಲಿ ಬಿಡಿ.

ನನಗೆ 'ಬಂಗಾರದ ಮನುಷ್ಯ'ದ ಕೊನೆ ಪಾಠ ಕಲಿಸಿತು. 1972ರ ಸಿನಿಮಾ. ಎಲ್ಲರೂ ಅದರ ಬಗ್ಗೆ ಹೇಳುವುದು ಕಷ್ಟಪಟ್ಟು ದುಡಿಯುವ ಪಾಠ. ನನಗೆ ಹಿಡಿಸಿದ್ದು ಅದಲ್ಲ. ನಾಯಕ ರಾಜೀವನ ಮೇಲೆ ಅವನೇ ಸಾಕಿದ ಅಕ್ಕನ ಮಗ ಬಂದು ಆರೋಪ ಮಾಡುತ್ತಾನೆ. ರಾಜೀವನ ಹತ್ತಿರ ಉತ್ತರ ಇದೆ. ಒಂದು ಮಾತು ಹೇಳಿದ್ದರೆ ಮುಗೀತಿತ್ತು. ಹೇಳುವುದಿಲ್ಲ. ಸುಮ್ಮನೆ ಮನೆ ಬಿಟ್ಟು ನಡೆಯುತ್ತಾನೆ. ಮಾಡಿದ್ದರ ಲೆಕ್ಕ ಒಪ್ಪಿಸಲು ನಿಲ್ಲುವುದಿಲ್ಲ. ಗೀತೆಯ ನಿಷ್ಕಾಮ ಕರ್ಮ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಆ ದೃಶ್ಯದಲ್ಲಿ.

ನೇರಮಾತು
ಬೇರೆ ದನಿ ಎತ್ತುತ್ತಿದ್ದೇನೆ, ಬೇಸರ ಬೇಡ.

ಸಂಜೆಗಾಳಿ ಅವರೇ, ನೀವು ಗುಂಡಿ ಹೊಲಿದಿದ್ದು ಒಳ್ಳೆಯದು. ಆದರೆ ಅದರ ಶ್ರೇಯಸ್ಸು ಸಿನಿಮಾಕ್ಕೆ ಯಾಕೆ? ಸಿನಿಮಾ ಅನ್ನುವುದು ಅಳಿಸಲಿಕ್ಕೆ ಅಂತಲೇ ಕಟ್ಟಿದ್ದು. ಎಲ್ಲಿ ಪಿಟೀಲು ಏರಬೇಕು, ಎಲ್ಲಿ ಮುಖ ಹತ್ತಿರದಿಂದ ತೋರಿಸಬೇಕು, ಎಲ್ಲ ಲೆಕ್ಕಾಚಾರ. ಆ ಕಣ್ಣೀರನ್ನು ಅಧ್ಯಾತ್ಮ ಅನ್ನುವುದು ಜಾಸ್ತಿ ಆಯಿತು. ಲೈಟು ಹಾಕಿದ ಮೇಲೆ ಎಷ್ಟು ಉಳಿಯುತ್ತದೆ?

ಇನ್ನೊಂದು ಮಾತು. ಒಳ್ಳೆಯದು ಒಳಗೆ ಹೋಗುತ್ತದೆ ಅಂದರೆ ಕೆಟ್ಟದ್ದೂ ಹೋಗುತ್ತದೆ ಅಂತ ಒಪ್ಪಬೇಕು. ಹುಡುಗಿ ಬೇಡ ಅಂದರೂ ಹಿಂದೆ ಬಿದ್ದು ಒಪ್ಪಿಸುವ ನಾಯಕ ಎಷ್ಟು ಸಿನಿಮಾದಲ್ಲಿ ಬಂದಿಲ್ಲ? ಅದೂ 'ಪಾಠ'ವೇ ಅಲ್ವಾ?

ಪ್ರಶ್ನೆಚೀಲ
ನೇರಮಾತು ಹೇಳಿದ ಎರಡನೇ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಕಾಲೇಜು ದಾರಿಯಲ್ಲಿ ನನ್ನ ಹಿಂದೆ ಒಬ್ಬ ಎಂಟು ತಿಂಗಳು ಬಂದ. ಸಿನಿಮಾದಲ್ಲಿ ಕಡೆಗೆ ಹುಡುಗಿ ಒಪ್ಪುತ್ತಾಳಲ್ಲ ಅಂತ ಅವನೇ ಒಂದು ದಿನ ಹೇಳಿದ್ದ. ನನಗೆ ಆ ದಾರಿ ಬಿಡಬೇಕಾಯಿತು. ಪಾಠ ಸಿಗುತ್ತದೆ ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಳೆರೀಲು
ಹಿಡಿದೆ. ಅದಕ್ಕೇ ಹೇಳುತ್ತಿರುವುದು, ಸಿನಿಮಾ ಬರೀ ಟೈಂಪಾಸ್ ಅಲ್ಲ ಅಂತ. ಬರೀ ಟೈಂಪಾಸ್ ಆಗಿದ್ದರೆ ಅವನು ಎಂಟು ತಿಂಗಳು ಬರುತ್ತಿರಲಿಲ್ಲ. ನಿಮಗೆ ಹಾಗಾಗಿದ್ದಕ್ಕೆ ನಿಜವಾಗಿ ಬೇಸರವಾಯಿತು ತಂಗಿ.

ಕ್ಯಾಬಿನ್‌ಕಿಂಡಿ
ನಾನು ಇಪ್ಪತ್ತೆರಡು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು. ರೀಲಿನ ಕಾಲದಲ್ಲಿ. ನನ್ನ ಎರಡು ಮಾತು.

ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲ ಮೂಲೆಯಲ್ಲಿ ಒಂದು ಚುಕ್ಕೆ ಬರುತ್ತದೆ. ಅದು ಕಂಡರೆ ಇನ್ನೊಂದು ಮಿಷನ್ನು ಓಡಿಸಬೇಕು. ಹಾಗಾಗಿ ನಾನು ಪರದೆ ನೋಡುತ್ತಿದ್ದದ್ದು ಚುಕ್ಕೆಗೆ. ಉಳಿದ ಹೊತ್ತು ಕಿಂಡಿಯಿಂದ ಜನರನ್ನು ನೋಡುತ್ತಿದ್ದೆ. ಒಂದು ಸಿನಿಮಾ ನೂರು ದಿನ ಓಡಿದರೆ ದಿನಕ್ಕೆ ನಾಲ್ಕು ಆಟ. ನಾಲ್ಕು ನೂರು ಸಲ ಅದೇ ಜಾಗದಲ್ಲಿ ಜನ ಅಳುವುದನ್ನು ನೋಡಿದ್ದೇನೆ. ಕತ್ತಲಲ್ಲಿ ಕೈಗಳು ಮುಖದ ಕಡೆ ಹೋಗುತ್ತವೆ. ಒಬ್ಬರದ್ದಲ್ಲ, ಸಾಲುಸಾಲಾಗಿ. ಲೈಟು ಬಂದ ಕೂಡಲೇ ಎಲ್ಲರೂ ಬಾಗಿಲ ಕಡೆ ನುಗ್ಗುತ್ತಾರೆ. ಒಬ್ಬರನ್ನೊಬ್ಬರು ತಳ್ಳುತ್ತಾರೆ. ಈಗಷ್ಟೇ ಪರದೆ ಮೇಲಿನ ಮುದುಕಿಗೆ ಅತ್ತವರು ಪಕ್ಕದ ಮುದುಕಿಗೆ ದಾರಿ ಬಿಡುವುದಿಲ್ಲ. ಇಲ್ಲಿಯವರೆಗೆ ನೇರಮಾತು ಹೇಳಿದ್ದು ಸರಿ.

ಆದರೆ ದಿನಾ ಒಬ್ಬರೋ ಇಬ್ಬರೋ ಏಳುತ್ತಿರಲಿಲ್ಲ. ಎಲ್ಲರೂ ಹೋದ ಮೇಲೂ ಖಾಲಿ ಪರದೆ ನೋಡುತ್ತಾ ಕೂತಿರುತ್ತಿದ್ದರು. ಕಸ ಗುಡಿಸುವವನು ಬಂದು ಏಳಿಸಬೇಕು. ಅವರಿಗೆ ಏನಾಯಿತೋ ನನಗೆ ಗೊತ್ತಿಲ್ಲ. ಏನೂ ಆಗಲಿಲ್ಲ ಅಂತ ಮಾತ್ರ ನಾನು ಹೇಳಲಾರೆ.

ಮಾತುಕಮ್ಮಿ
ಕ್ಯಾಬಿನ್‌ಕಿಂಡಿ ಅವರೇ, ಇನ್ನೂ ಬರೆಯಿರಿ. ದಯವಿಟ್ಟು.

ಹಗಲುರಾತ್ರಿ
ನಾನು ನರ್ಸ್. ಗುಣವಾಗದ ಕಾಯಿಲೆಯವರ ವಾರ್ಡ್‌ನಲ್ಲಿ ಕೆಲಸ. ನನಗೆ ಪಾಠ ಕಲಿಸಿದ್ದು ಮಕ್ಕಳ ಸಿನಿಮಾ. 2015ರ 'ಇನ್‌ಸೈಡ್ ಔಟ್'. ಒಂದು ಹುಡುಗಿಯ ತಲೆಯೊಳಗಿನ ಭಾವನೆಗಳೇ ಪಾತ್ರಗಳು.

ಅದರಲ್ಲಿ ಬಿಂಗ್ ಬಾಂಗ್ ಅಂತ ಒಂದು ಪಾತ್ರ ಇದೆ. ಹುಡುಗಿ ಚಿಕ್ಕವಳಿದ್ದಾಗ ಕಲ್ಪಿಸಿಕೊಂಡ ಗೆಳೆಯ. ಅವನ ಪ್ರೀತಿಯ ಗಾಡಿಯನ್ನು ಮರೆವಿನ ಗುಂಡಿಗೆ ತಳ್ಳಿಬಿಡುತ್ತಾರೆ. ಅವನು ಕುಸಿದು ಕೂರುತ್ತಾನೆ. ಖುಷಿ ಅನ್ನುವ ಪಾತ್ರ ಅವನನ್ನು ನಗಿಸಲು ನೋಡುತ್ತದೆ, ಕಚಗುಳಿ ಇಡುತ್ತದೆ, ಮುಖ ಮಾಡುತ್ತದೆ, ಬೇಗ ಏಳು ಅನ್ನುತ್ತದೆ. ಅವನು ಏಳುವುದಿಲ್ಲ. ದುಃಖ ಬಂದು ಪಕ್ಕದಲ್ಲಿ ಕೂರುತ್ತದೆ. ನಿನ್ನ ಗಾಡಿ ಹೋಯಿತು ಅಂತ ಒಪ್ಪಿಕೊಳ್ಳುತ್ತದೆ, ಅವನ ಮಾತು ಕೇಳುತ್ತದೆ. ಅವನು ಅಳುತ್ತಾನೆ. ಆಮೇಲೆ ತಾನೇ ಎದ್ದು ನಡೆಯುತ್ತಾನೆ.

ಆ ದೃಶ್ಯ ನೋಡುವಾಗ ನನಗೆ ನನ್ನದೇ ದನಿ ಕೇಳಿಸಿತು. "ಏನೂ ಆಗಲ್ಲ ಬಿಡಿ, ಧೈರ್ಯವಾಗಿರಿ." ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದೆ. ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಮರುವಾರ ಒಬ್ಬ ಅಜ್ಜಿ "ನಾನು ಮನೆಗೆ ಹೋಗಲ್ಲ ಅಲ್ವೇನಮ್ಮಾ" ಅಂದರು. ನನ್ನ ಬಾಯಿಗೆ ಅದೇ ಹಳೇ ಮಾತು ಬಂತು. ತಡೆದುಕೊಂಡೆ. ಸ್ಟೂಲ್ ಎಳೆದುಕೊಂಡು ಕೂತೆ. "ಹೌದಜ್ಜಿ, ಕಷ್ಟ ಇದೆ" ಅಂದೆ. ಅವರು ನನ್ನ ಕೈ ಹಿಡಿದು ತಮ್ಮ ಮನೆಯ ಹಿಂದಿನ ಬಾಗಿಲ ಬಗ್ಗೆ ಹೇಳತೊಡಗಿದರು. ಅದರ ಚಿಲಕ ಬಿಗಿಯಂತೆ, ಮೇಲಕ್ಕೆ ಎತ್ತಿ ಎಳೆಯಬೇಕಂತೆ. ಹತ್ತು ನಿಮಿಷ ಬರೀ ಚಿಲಕದ ಮಾತು. ಆವತ್ತು ರಾತ್ರಿ ಅವರು ನಿದ್ದೆ ಮಾಡಿದರು.

ಉಳಿಯಿತಾ ಅಂತ ಕೇಳಿದಿರಿ. ಉಳಿದಿದೆ. ಸ್ಟೂಲ್ ಎಳೆದುಕೊಳ್ಳುವುದು ಈಗ ಅಭ್ಯಾಸ.

ನೇರಮಾತು
ಹಗಲುರಾತ್ರಿ ಅವರೇ, ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಆದರೂ ಕೇಳುತ್ತೇನೆ. ಇದು ನಿಮಗೆ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲವಾ?

ಹಗಲುರಾತ್ರಿ
ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಬರೆದು ಒಳ್ಳೇ ಅಂಕ ತಗೊಂಡಿದ್ದೆ. ಆದರೆ ಅದು ನನ್ನದೇ ತಪ್ಪು ಅಂತ ಕಂಡಿದ್ದು ಸಿನಿಮಾದಲ್ಲಿ. ಅಂದಹಾಗೆ ಆ ಸಿನಿಮಾ ಮಾಡುವಾಗ ಪಾಲ್ ಎಕ್ಮನ್, ಡ್ಯಾಕರ್ ಕೆಲ್ಟ್ನರ್ ಅನ್ನುವ ಮನಃಶಾಸ್ತ್ರಜ್ಞರ ಸಲಹೆ ತಗೊಂಡಿದ್ದರು. ಸುಮ್ನೆ ಅಳಿಸಲಿಕ್ಕೆ ಕಟ್ಟಿದ್ದಲ್ಲ.

ನೀಲಿಮಾತ್ರೆ
'ದಿ ಮೇಟ್ರಿಕ್ಸ್' ಯಾರೂ ಹೇಳಲೇ ಇಲ್ಲವಲ್ಲ! 1999. ಕಾಣುವ ಜಗತ್ತೆಲ್ಲ ಮಾಯೆ, ಎಚ್ಚರವಾದವನಿಗೆ ಮಾತ್ರ ನಿಜ ಗೊತ್ತು. ನೇರ ಅದ್ವೈತ. ಕೊನೆಯಲ್ಲಿ ಉಪನಿಷತ್ತಿನ ಮಂತ್ರವೇ ಬರುತ್ತದೆ.

ಮಾತುಕಮ್ಮಿ
ಮಂತ್ರ ಬರುವುದು ಮೊದಲ ಭಾಗದಲ್ಲಿ ಅಲ್ಲ. ಮೂರನೇ ಭಾಗ, 2003ರದ್ದು, ಅದರ ಕೊನೆಯಲ್ಲಿ ಹೆಸರುಗಳು ಓಡುವಾಗ. 'ಅಸತೋ ಮಾ ಸದ್ಗಮಯ', ಬೃಹದಾರಣ್ಯಕದ್ದು. ಮತ್ತೆ 'ನೇರ ಅದ್ವೈತ' ಅನ್ನಬೇಡಿ. ಅಲ್ಲಿ ಮಾಯೆಯ ಹೊರಗೆ ಇರುವುದು ಇನ್ನೊಂದು ಜಗತ್ತು, ಅಲ್ಲೂ ಯುದ್ಧ. ಅದ್ವೈತದಲ್ಲಿ ಓಡಿ ಹೋಗಲು ಇನ್ನೊಂದು ಜಾಗ ಇಲ್ಲ.

ನೀಲಿಮಾತ್ರೆ
ಮೂರನೇ ಭಾಗ, ಸರಿ, ಒಪ್ಪಿದೆ. ಅದ್ವೈತದ ವಿಷಯ ಇನ್ನೊಮ್ಮೆ ಜಗಳ ಆಡೋಣ.

ಬಿಸಿಲುಕುದುರೆ
ಸಿನಿಮಾದಿಂದ ಧರ್ಮವೇ ಹುಟ್ಟಿದ್ದುಂಟು. 2001ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ಸುಮಾರು 3,90,000 ಜನ ತಮ್ಮ ಧರ್ಮ 'ಜೆಡೈ' ಅಂತ ಬರೆದಿದ್ದರು. 'ಸ್ಟಾರ್ ವಾರ್ಸ್' ಸಿನಿಮಾಗಳಲ್ಲಿ ಬರುವ ಯೋಧ-ಸನ್ಯಾಸಿಗಳ ಹೆಸರು ಅದು.

ನೇರಮಾತು
ಅದರಲ್ಲಿ ಬಹಳಷ್ಟು ತಮಾಷೆಗೆ ಬರೆದದ್ದು.

ಹಳೆರೀಲು
ತಮಾಷೆ ಅಲ್ಲದ್ದು ಬೇಕಾದರೆ ನಮ್ಮ ದೇಶದಲ್ಲೇ ಇದೆ. 1975ರ 'ಜೈ ಸಂತೋಷಿ ಮಾ'. ಜನ ಚಪ್ಪಲಿ ಹೊರಗೆ ಬಿಟ್ಟು ಥಿಯೇಟರ್ ಒಳಗೆ ಹೋಗುತ್ತಿದ್ದರು. ಪರದೆಗೆ ಹೂವು, ನಾಣ್ಯ ಎಸೆಯುತ್ತಿದ್ದರು. ಅಷ್ಟಾಗಿ ಗೊತ್ತಿಲ್ಲದಿದ್ದ ದೇವಿಯ ವ್ರತ ದೇಶದ ತುಂಬಾ ಹಬ್ಬಿತು.

ಎರಡುಜಡೆ
ವಿಷಯ ಎಲ್ಲೆಲ್ಲಿಗೋ ಹೋಗುತ್ತಿದೆ. ದೇವರ ಸಿನಿಮಾದ ಮಾತು ಬಂತಲ್ಲ, ನನ್ನ ಸಿಟ್ಟು ಹೇಳುತ್ತೇನೆ.

'ಭಕ್ತ ಕುಂಬಾರ', 1974. ರಾಜ್‌ಕುಮಾರ್ ಅವರ ಅಭಿನಯದ ಬಗ್ಗೆ ನನ್ನ ತಕರಾರಿಲ್ಲ, ಕೈ ಮುಗಿಯುತ್ತೇನೆ. ಗೋರ ಕುಂಬಾರ ಮಣ್ಣು ತುಳಿಯುತ್ತಾ ಭಜನೆಯಲ್ಲಿ ಮೈಮರೆಯುತ್ತಾನೆ. ಮಗು ತೆವಳಿಕೊಂಡು ಬರುತ್ತದೆ. ಕಾಲ ಕೆಳಗೆ ಸಿಕ್ಕಿಬಿಡುತ್ತದೆ. ಅವನಿಗೆ ಗೊತ್ತೇ ಆಗುವುದಿಲ್ಲ. ಚಿಕ್ಕವಳಿದ್ದಾಗ ಮನೆಯಲ್ಲಿ ಎಲ್ಲರೂ 'ಎಂಥಾ ಭಕ್ತಿ' ಅಂತ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಳ್ಳುತ್ತಿದ್ದೆ. ತಾಯಿ ಆದ ಮೇಲೆ ಇನ್ನೊಮ್ಮೆ ನೋಡಿದೆ. ಪೂರ್ತಿ ನೋಡಲು ಆಗಲಿಲ್ಲ. ಮಗುವಿನ ಅಳು ಕೇಳದಷ್ಟು ದೊಡ್ಡ ಭಕ್ತಿ ಯಾರಿಗೆ ಬೇಕು? ಇದು ಯಾವ ಪಾಠ?

ಮಾತುಕಮ್ಮಿ
ನಿಮ್ಮ ಸಿಟ್ಟು ಸಿನಿಮಾದ ಒಳಗೇ ಇದೆ. ಆ ಕಥೆಯಲ್ಲಿ ಹೆಂಡತಿ ಅವನನ್ನು ಕ್ಷಮಿಸುವುದಿಲ್ಲ. ಅವನಿಗೂ ಸಲೀಸಾಗಿ ಬಿಡುಗಡೆ ಇಲ್ಲ, ಕೈಗಳನ್ನೇ ಕಳೆದುಕೊಳ್ಳುತ್ತಾನೆ. ಭಕ್ತಿಗೆ ಬೆಲೆ ತೆರಬೇಕು ಅಂತ ಸಂತರ ಕಥೆಗಳು ಮುಚ್ಚಿಡುವುದಿಲ್ಲ.

ಎರಡುಜಡೆ
ಬೆಲೆ ತೆತ್ತಿದ್ದು ಮಗು. ಕೊನೆಯಲ್ಲಿ ದೇವರು ಬಂದು ಮಗುವನ್ನು ಬದುಕಿಸಿಕೊಡುತ್ತಾನೆ ನಿಜ. ನಮ್ಮ ಮನೆಗಳಿಗೆ ಹಾಗೆ ಯಾರೂ ಬರುವುದಿಲ್ಲ.

ಎರಡುಜಡೆ
ಇನ್ನೊಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ನಾನು ಪ್ರಾಮಾಣಿಕಳಾಗುವುದಿಲ್ಲ. ಸಿನಿಮಾ ನಿಲ್ಲಿಸಿದ ಮಾರನೇ ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಲ್ಯಾಪ್‌ಟಾಪ್ ಮುಂದೆ ತಲೆ ಬಗ್ಗಿಸಿ ಕೂತಿದ್ದೆ. ಚಿಕ್ಕವಳು ಬಂದು ತೋಳು ಹಿಡಿದು ಎಳೆದಾಗಲೇ ತಲೆ ಎತ್ತಿದ್ದು. ಅವಳ ಕೆನ್ನೆ ಪೂರ್ತಿ ಒದ್ದೆ. ದೊಡ್ಡವಳು ಹೇಳಿದಳು: "ಅವಳು ಆಗಿನಿಂದ ಕರೀತಾ ಇದಾಳೆ ಅಮ್ಮ." ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡಿತ್ತಂತೆ. ನನಗೆ ಒಂದು ಕೂಗೂ ಕೇಳಿರಲಿಲ್ಲ. ಕಾಲ ಕೆಳಗೆ ಮಣ್ಣು ಇರಲಿಲ್ಲ ಅಷ್ಟೇ. ಈಗ ಬಾಗಿಲಿಗೆ ಮುಖ ಮಾಡಿ ಕೂರುತ್ತೇನೆ.

ನೇರಮಾತು
ನೋಡಿ, ಇದೇ ನನ್ನ ವಾದ. ಆ ಸಿನಿಮಾ ಹೇಳಿದ್ದು ಇದಲ್ಲ. ಅದು ಭಕ್ತಿಯನ್ನು ಹೊಗಳಿತು. ಪಾಠ ನಿಮ್ಮದು, ನಿಮ್ಮ ಮಗಳದ್ದು. ಸಿನಿಮಾಕ್ಕೆ ಅದರಲ್ಲಿ ಪಾಲಿಲ್ಲ.

ಮಾತುಕಮ್ಮಿ
ಇಲ್ಲಿ ನಾನು ಸ್ವಲ್ಪ ಉದ್ದ ಬರೆಯಬೇಕು.

ಪಾಲು ಇದೆ. ನಮ್ಮ ಹಿರಿಯರು ಇದನ್ನು ನಾಟಕದ ಬಗ್ಗೆ ಯೋಚಿಸಿದ್ದಾರೆ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳ ಪಟ್ಟಿ ಇದೆ. ಒಂಬತ್ತನೆಯದಾಗಿ ಶಾಂತ ಸೇರಿದ್ದು ಆಮೇಲೆ. ಅದಕ್ಕಾಗಿ ಗಟ್ಟಿಯಾಗಿ ವಾದ ಮಾಡಿದವನು ಸಾವಿರ ವರ್ಷದ ಹಿಂದಿನ ಕಾಶ್ಮೀರದ ಪಂಡಿತ ಅಭಿನವಗುಪ್ತ. ಅವನು ಹೇಳುವುದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ನಾಟಕ ನೋಡುವಾಗ ಆ ದುಃಖ ನನ್ನದೂ ಅಲ್ಲ, ನಟನದ್ದೂ ಅಲ್ಲ. ನನ್ನದು, ನಿನ್ನದು ಅನ್ನುವ ಬೇಲಿ ಸ್ವಲ್ಪ ಹೊತ್ತು ಬೀಳುತ್ತದೆ. ನನ್ನದೇ ದುಃಖವಾದರೆ ಅದರಲ್ಲಿ ಮುಳುಗಿಬಿಡುತ್ತೇನೆ. ಬೇರೆಯವರದ್ದಾದರೆ ದಾಟಿ ಹೋಗುತ್ತೇನೆ. ಎರಡೂ ಅಲ್ಲದಿದ್ದಾಗ ಅದನ್ನು ನೆಟ್ಟಗೆ ನೋಡಲು ಆಗುತ್ತದೆ. ನೋಡುವವನಿಗೆ ಅವರಿಟ್ಟ ಹೆಸರು ಸಹೃದಯ. ಅರ್ಧ ಕೆಲಸ ಅವನದ್ದೇ. ಹಾಗಾಗಿ ಪಾಠ ಎರಡುಜಡೆ ಅವರದ್ದು ಅನ್ನುವುದು ಸಿನಿಮಾದ ಸೋಲಲ್ಲ.

ನೇರಮಾತು
'ಸ್ವಲ್ಪ ಹೊತ್ತು' ಅಂದಿರಲ್ಲ, ನಾನು ಹಿಡಿದುಕೊಂಡಿರುವುದು ಅದನ್ನೇ. ಬೇಲಿ ಬೀಳುತ್ತದೆ, ಮತ್ತೆ ಏಳುತ್ತದೆ. 2006ರ 'ಲಗೇ ರಹೋ ಮುನ್ನಾಭಾಯಿ' ನೆನಪಿದೆಯಾ? ಗಾಂಧಿಗಿರಿ ಅಂತ ಜನ ಅಧಿಕಾರಿಗಳಿಗೆ ಹೂವು ಕೊಟ್ಟರು. ಎಷ್ಟು ದಿನ ಕೊಟ್ಟರು?

ತಡವಾಗಿಬಂದವ
ನೇರಮಾತು ಅವರ ಪರವಾಗಿ ಸಾಕ್ಷಿ ಹೇಳುವ ಒಂದು ಸಿನಿಮಾ ಇದೆ. ಜಪಾನಿನ ಅಕಿರಾ ಕುರೊಸಾವಾ ಮಾಡಿದ 'ಇಕಿರು', 1952. ಕಡತಗಳಿಗೆ ಮುದ್ರೆ ಒತ್ತುತ್ತಾ ಬದುಕು ಕಳೆದ ಕಚೇರಿ ಅಧಿಕಾರಿ. ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾಗುತ್ತದೆ. ಉಳಿದ ದಿನಗಳಲ್ಲಿ ಮಕ್ಕಳಿಗೆ ಒಂದು ಆಟದ ಪಾರ್ಕು ಮಾಡಿಸಿಕೊಡಲು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹಿಮ ಬೀಳುವ ರಾತ್ರಿ ಅದೇ ಪಾರ್ಕಿನ ಉಯ್ಯಾಲೆಯಲ್ಲಿ ಕೂತು ಹಾಡುತ್ತಾನೆ.

ಅಲ್ಲಿಗೆ ನಿಲ್ಲುವುದಿಲ್ಲ. ಅವನು ಸತ್ತ ಮೇಲೆ ಸಹೋದ್ಯೋಗಿಗಳು ಸೇರುತ್ತಾರೆ. ಕುಡಿಯುತ್ತಾ, ಅಳುತ್ತಾ, ನಾವೂ ಅವನ ಹಾಗೇ ಬದುಕಬೇಕು ಅಂತ ಶಪಥ ಮಾಡುತ್ತಾರೆ. ಮಾರನೇ ದಿನ ಕಚೇರಿಯಲ್ಲಿ ಜನರ ಅರ್ಜಿ ಬರುತ್ತದೆ. ಎಂದಿನ ಹಾಗೇ ಬೇರೆ ವಿಭಾಗಕ್ಕೆ ಸಾಗಹಾಕುತ್ತಾರೆ. ಒಬ್ಬ ಮಾತ್ರ ತಡೆಯಲಾರದೆ ಎದ್ದು ನಿಲ್ಲುತ್ತಾನೆ. ಎಲ್ಲರೂ ನೋಡುತ್ತಾರೆ. ಅವನು ನಿಧಾನವಾಗಿ ಮತ್ತೆ ಕೂರುತ್ತಾನೆ. ಕಾಗದದ ರಾಶಿಯ ಹಿಂದೆ ಮುಖ ಮರೆಯಾಗುತ್ತದೆ.

ಹದಿನೈದು ವರ್ಷದ ಹಿಂದೆ ನೋಡಿದ್ದು. ನಾನೂ ಒಂದು ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವವನು. ಉಯ್ಯಾಲೆ ನೋಡಿ ಅತ್ತೆ. ಆದರೆ ಆ ಎದ್ದು ಕೂತವನನ್ನು ಮರೆಯಲು ಇನ್ನೂ ಆಗಿಲ್ಲ.

ಬಿಸಿಲುಕುದುರೆ
ಅದು ಜನಪ್ರಿಯ ಸಿನಿಮಾ ಅಲ್ಲವಲ್ಲ. ಇಲ್ಲಿ ಚರ್ಚೆ ಜನಪ್ರಿಯ ಸಿನಿಮಾದ್ದು.

ತಡವಾಗಿಬಂದವ
ಸರಿ. ಆದರೆ ಪಾಠ ಯಾಕೆ ಉಳಿಯುವುದಿಲ್ಲ ಅನ್ನುವುದನ್ನು ಸಿನಿಮಾವೇ ತೋರಿಸಿದೆ ಅಂತ ಹೇಳಬೇಕಿತ್ತು.

ನೇರಮಾತು
ತುಂಬಾ ಒಳ್ಳೆಯ ಉದಾಹರಣೆ ಕೊಟ್ಟಿರಿ. ಈ ವಾರವೇ ನೋಡುತ್ತೇನೆ.

ಜಾಮೀನು
ಹಳೆರೀಲು ಅವರಿಗೆ ಒಂದು ಪ್ರಶ್ನೆ. ನಿಮಗೆ 'ಕಸ್ತೂರಿ ನಿವಾಸ' ಕೂಡ ಇಷ್ಟ ಇರಬೇಕು. 1971. ಬೀಳಿಸಿದರೂ ಎದ್ದು ನಿಲ್ಲುವ ಗೊಂಬೆ, ಕೊಟ್ಟೂ ಕೊಟ್ಟೂ ಬರಿಗೈ ಆಗುವ ನಾಯಕ. ಕೊನೆಗೆ ನಾಯಕಿ ಅವನ ಮನೆಗೆ ಕೇಳಲು ಬಂದದ್ದು ಅವನ ಪಾರಿವಾಳ, ಅದು ಆಕೆಯ ಸತ್ಕಾರಕ್ಕೇ ಕೈಬಿಟ್ಟು ಹೋಗಿರುತ್ತದೆ. ಎಲ್ಲರೂ ಅತ್ತ ಸಿನಿಮಾ.

ನಮ್ಮ ತಾತನಿಗೆ ಅದು ಪ್ರಾಣ. ಕೈ ಯಾವಾಗಲೂ ಕೊಡುವ ಕೈ ಆಗಿರಬೇಕು ಅಂತ ಅವರ ನಂಬಿಕೆ. ಗೆಳೆಯನ ಸಾಲಕ್ಕೆ ಜಾಮೀನು ಹಾಕಿದರು. ಗೆಳೆಯ ಕಟ್ಟಲಿಲ್ಲ. ಮನೆ ಹೋಯಿತು. ನಮ್ಮಮ್ಮ ಒಂಬತ್ತನೇ ತರಗತಿಗೆ ಓದು ಬಿಟ್ಟರು. ತಾತನಿಗೆ ಒಳ್ಳೆಯ ಹೆಸರಿದೆ, ಈಗಲೂ. ಅಮ್ಮನಿಗೆ ಈಗಲೂ ಇಂಗ್ಲಿಷ್ ಅರ್ಜಿ ತುಂಬಲು ನಾನು ಬೇಕು. ಸಿನಿಮಾದ ನಾಯಕ ಕೊಟ್ಟದ್ದು ತನ್ನದನ್ನು. ತಾತ ಕೊಟ್ಟದ್ದು ಅಮ್ಮನದ್ದನ್ನು. ಈ ವ್ಯತ್ಯಾಸ ಯಾರಿಗೂ ಕಾಣಲಿಲ್ಲ.

ಹಳೆರೀಲು
ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಆ ಸಿನಿಮಾವನ್ನು ಹತ್ತಾರು ಸಲ ನೋಡಿದ್ದೇನೆ. ಕಪ್ಪುಬಿಳುಪಿನಲ್ಲಿ ನೋಡಿದೆ, 2014ರಲ್ಲಿ ಬಣ್ಣ ಹಾಕಿ ಬಿಟ್ಟಾಗಲೂ ಹೋಗಿ ನೋಡಿದೆ. ನೀವು ಹೇಳಿದ್ದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆಚೀಲ
ಸಂಜೆಗಾಳಿ ಅಣ್ಣಾ, ನಿಮ್ಮ ಅಪ್ಪನ ಪ್ರಶ್ನೆ ಓದಿದಾಗಿನಿಂದ ನನಗೆ 'ಗ್ರೌಂಡ್‌ಹಾಗ್ ಡೇ' ನೆನಪಾಗುತ್ತಿದೆ. 1993ರ ಸಿನಿಮಾ. ಒಬ್ಬನಿಗೆ ಒಂದೇ ದಿನ ಮತ್ತೆ ಮತ್ತೆ ಬರುತ್ತದೆ. ಬೆಳಿಗ್ಗೆ ಎದ್ದರೆ ಅದೇ ತಾರೀಕು, ಅದೇ ಜನ, ಅದೇ ಮಾತು. ಮೊದಲು ಮಜಾ ಮಾಡುತ್ತಾನೆ, ಆಮೇಲೆ ಹುಚ್ಚು ಹಿಡಿದ ಹಾಗೆ ಆಗುತ್ತಾನೆ. ಕಡೆಗೆ ಆ ಒಂದೇ ದಿನವನ್ನು ಚೆನ್ನಾಗಿ ಬದುಕಲು ಕಲಿಯುತ್ತಾನೆ. ಬೌದ್ಧರು, ಯಹೂದಿಗಳು, ಕ್ರೈಸ್ತ ಪಾದ್ರಿಗಳು ಎಲ್ಲರೂ ಇದು ನಮ್ಮ ಧರ್ಮದ್ದೇ ಮಾತು ಅಂತ ತಮಗೆ ಹೇಳುತ್ತಿದ್ದರು ಅಂತ ನಿರ್ದೇಶಕ ಹೆರಾಲ್ಡ್ ರಾಮಿಸ್ ಹೇಳಿಕೊಂಡಿದ್ದಾರೆ.

ನನಗೆ ಮುಖ್ಯ ಅನ್ನಿಸುವುದು ಅದರಲ್ಲಿನ ಮುದುಕ. ಬೀದಿಯಲ್ಲಿ ಭಿಕ್ಷೆ ಬೇಡುವವನು, ಆ ರಾತ್ರಿ ಸಾಯುತ್ತಾನೆ. ನಾಯಕ ಪ್ರತಿ ಸಲ ಅವನನ್ನು ಉಳಿಸಲು ನೋಡುತ್ತಾನೆ. ಊಟ ಹಾಕುತ್ತಾನೆ, ಆಸ್ಪತ್ರೆಗೆ ಸೇರಿಸುತ್ತಾನೆ, ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಾನೆ. ಆಗುವುದಿಲ್ಲ. ದಿನ ಎಷ್ಟು ಸಲ ಬಂದರೂ ಅದೊಂದು ಬದಲಾಗುವುದಿಲ್ಲ. ಆದರೂ ಊಟ ಹಾಕುತ್ತಾನೆ.

ನಿಮ್ಮ ಅಪ್ಪ ನೂರನೇ ಸಲ ಕೇಳಿದರೂ ಅವರಿಗೆ ಅದು ಮೊದಲನೇ ಸಲ ಅಲ್ವಾ?

ಸಂಜೆಗಾಳಿ
ಈ ಕೊನೆಯ ಸಾಲು ಓದಿ ಫೋನ್ ಕೆಳಗಿಟ್ಟೆ. ಎಲ್ಲರಿಗೂ ಉತ್ತರ ಬರೆಯುತ್ತೇನೆ, ಸ್ವಲ್ಪ ಸಮಯ ಕೊಡಿ.

ಬಿಸಿಲುಕುದುರೆ
ಅಪ್ಪನ ಮಾತು ಬಂತು ಅಂತ ಹೇಳುತ್ತೇನೆ. ಗಾಂಧೀಜಿ ಆತ್ಮಕಥೆಯಲ್ಲಿ ಹುಡುಗನಾಗಿದ್ದಾಗ ನೋಡಿದ ಹರಿಶ್ಚಂದ್ರ ನಾಟಕದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದೇ ಜಾಗದಲ್ಲಿ ಇನ್ನೊಂದು ವಿಷಯ ಇದೆ. ಶ್ರವಣಕುಮಾರನ ನಾಟಕದ ಪುಸ್ತಕ ಓದುತ್ತಾರೆ. ಅದೇ ಸಮಯಕ್ಕೆ ಊರೂರು ತಿರುಗಿ ಚಿತ್ರ ತೋರಿಸುವವರು ಬರುತ್ತಾರೆ. ಶ್ರವಣ ಕುರುಡು ತಂದೆತಾಯಿಯನ್ನು ಹೊತ್ತು ನಡೆಯುವ ಚಿತ್ರ. ಸಿನಿಮಾ ಹುಟ್ಟುವ ಮೊದಲಿನ ಸಿನಿಮಾ ಅನ್ನಿ. ಅದು ಮನಸ್ಸಲ್ಲಿ ಅಚ್ಚೊತ್ತಿತು ಅಂತ ಬರೆದುಕೊಂಡಿದ್ದಾರೆ. ಅವರು ನಕ್ಕು ಬಿಡಲಿಲ್ಲವಲ್ಲ.

ನೇರಮಾತು
ಅದೇ ಪುಸ್ತಕದ ಮುಂದಿನ ಭಾಗವನ್ನೂ ಹೇಳಬೇಕು. ಅಪ್ಪ ಕಾಯಿಲೆ ಬಿದ್ದಾಗ ಹುಡುಗ ರಾತ್ರಿ ರಾತ್ರಿ ಕಾಲು ಒತ್ತುತ್ತಾನೆ, ಔಷಧ ಕೊಡುತ್ತಾನೆ. ಆದರೆ ಅಪ್ಪ ತೀರಿಕೊಂಡ ರಾತ್ರಿ ಚಿಕ್ಕಪ್ಪನನ್ನು ಕೂರಿಸಿ ತನ್ನ ಕೋಣೆಗೆ ಹೋಗಿರುತ್ತಾನೆ. ಐದಾರು ನಿಮಿಷದಲ್ಲಿ ಬಾಗಿಲು ಬಡಿಯುತ್ತಾರೆ. ಆ ನೋವು ಕೊನೆಯವರೆಗೂ ಹೋಗಲಿಲ್ಲ.

ಇದನ್ನು ವಾದ ಗೆಲ್ಲಲು ಹೇಳುತ್ತಿಲ್ಲ. ನಮ್ಮಪ್ಪ ಹೋದಾಗ ನಾನೂ ಪಕ್ಕದಲ್ಲಿ ಇರಲಿಲ್ಲ. ಪಾಠ ಎಲ್ಲಿಂದಲೇ ಬರಲಿ, ಎಲ್ಲ 'ಕಲಿತವರಿಗೂ' ಒಂದಿಷ್ಟು ತಪ್ಪಿಹೋಗುತ್ತದೆ.

ಸಂಜೆಗಾಳಿ ಅವರೇ, ಬೇರೆ ವಿಷಯ. ನಿಮ್ಮ ಅಪ್ಪನ ಕೈಗೆ ಹೆಸರು, ಫೋನ್ ನಂಬರ್ ಇರುವ ಪಟ್ಟಿ ಕಟ್ಟಿದ್ದೀರಾ?

ಹಗಲುರಾತ್ರಿ
ಒಳ್ಳೆಯ ಮಾತು. ಕೈಪಟ್ಟಿ ಮೊದಲು ಮಾಡಿಸಿ. ಅಂಗಿಯ ಒಳಭಾಗದಲ್ಲೂ ನಂಬರ್ ಬರೆದಿಡಿ. ಇತ್ತೀಚಿನ ಫೋಟೊ ನಿಮ್ಮ ಫೋನ್‌ನಲ್ಲಿ ಇರಲಿ, ಬೆಳಿಗ್ಗೆ ಬಟ್ಟೆ ಹಾಕಿದ ಮೇಲೆ ಒಂದು ತೆಗೆದುಬಿಡಿ. ಮುಖ್ಯ ಬಾಗಿಲಿಗೆ ಸಣ್ಣ ಗಂಟೆ ಕಟ್ಟಿದರೆ ತೆರೆದಾಗ ಗೊತ್ತಾಗುತ್ತದೆ. ಮತ್ತೆ ವಾರ ಕೇಳುತ್ತಾರಲ್ಲ, ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆದು ಹಾಕಿ ನೋಡಿ. ಕೆಲವರಿಗೆ ಸಮಾಧಾನ ಆಗುತ್ತದೆ. ನಿಮಗೂ ದಿನದಲ್ಲಿ ಒಂದು ಗಂಟೆ ಬಿಡುವು ಬೇಕು. ಅಣ್ಣನನ್ನು ಕೇಳಿ, ಸಂಕೋಚ ಬೇಡ.

ಕ್ಯಾಬಿನ್‌ಕಿಂಡಿ
ಮಾತುಕಮ್ಮಿ ಅವರು ಇನ್ನೂ ಬರೆಯಿರಿ ಅಂದಿದ್ದರು. ಒಂದು ನೆನಪಾಯಿತು. ಖಾಲಿ ಪರದೆ ನೋಡುತ್ತಾ ಕೂರುವವರಲ್ಲಿ ಒಬ್ಬರು ಹೆಂಗಸು. ಒಂದೇ ಸಿನಿಮಾಕ್ಕೆ ವಾರಕ್ಕೊಮ್ಮೆ, ಬುಧವಾರ, ಒಬ್ಬರೇ ಬರುತ್ತಿದ್ದರು. ಒಂದು ದಿನ ರೀಲಿನ ಡಬ್ಬ ಕೆಳಗೆ ಇಳಿಸುವಾಗ ಎದುರು ಸಿಕ್ಕರು. "ಯಾಕಮ್ಮಾ ಮತ್ತೆ ಮತ್ತೆ ಬರುತ್ತೀರಿ" ಅಂತ ಕೇಳಿಯೇಬಿಟ್ಟೆ. "ಆ ಸಿನಿಮಾದಲ್ಲಿ ಅಮ್ಮ ಮಗನಿಗೆ ಹೋಗಿ ಬಾ ಅನ್ನುತ್ತಾಳಲ್ಲ. ನನಗೆ ಹೇಳಲು ಆಗಲಿಲ್ಲ" ಅಂದರು. ಅಷ್ಟೇ ಹೇಳಿ ಹೋದರು. ಸಿನಿಮಾ ಬದಲಾದ ಮೇಲೆ ಅವರು ಬರಲಿಲ್ಲ.

ಎರಡುಜಡೆ
ಅಯ್ಯೋ.

ನೇರಮಾತು
'ಇಕಿರು' ನೋಡಿದೆ. ತಡವಾಗಿಬಂದವ ಅವರೇ, ನೀವು ಒಂದು ವಿಷಯ ಬಿಟ್ಟಿದ್ದೀರಿ. ಎದ್ದು ಮತ್ತೆ ಕೂತನಲ್ಲ, ಅವನು ಕೊನೆಯಲ್ಲಿ ಸೇತುವೆ ಮೇಲೆ ನಿಂತು ಪಾರ್ಕಿನಲ್ಲಿ ಆಡುವ ಮಕ್ಕಳನ್ನು ನೋಡುತ್ತಾನೆ. ಪಾರ್ಕು ಅಲ್ಲೇ ಇದೆ.

ತಡವಾಗಿಬಂದವ
ಹೌದು. ಮರೆತಿದ್ದೆ. ಇನ್ನೊಮ್ಮೆ ನೋಡುತ್ತೇನೆ.

ಸಂಜೆಗಾಳಿ
ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯಬೇಕು ಅಂತ ಕೂತೆ, ಆಗಲಿಲ್ಲ. ನಡೆದದ್ದು ಹೇಳಿಬಿಡುತ್ತೇನೆ.

ಹಾಲ್‌ನಲ್ಲಿ ಒಂದು ಕಪ್ಪು ಹಲಗೆ ತೂಗುಹಾಕಿದೆ. ಬೆಳಿಗ್ಗೆ ಎದ್ದು ಸೀಮೆಸುಣ್ಣದಲ್ಲಿ ವಾರ ಬರೆಯುತ್ತೇನೆ. ನಿನ್ನೆ ಅಪ್ಪ ಕೇಳಿದರು, "ಇವತ್ತು ಯಾವ ವಾರ?" "ಬನ್ನಿ ನೋಡೋಣ" ಅಂತ ಕೈ ಹಿಡಿದು ಕರೆದುಕೊಂಡು ಹೋದೆ. ಬೆರಳಿಟ್ಟು ಓದಿದರು. "ಗುರುವಾರ." ಖುಷಿಯಾಯಿತು ಅವರಿಗೆ. "ಅಕ್ಷರ ಚೆನ್ನಾಗಿದೆ, ಯಾರು ಬರೆದಿದ್ದು?" ಅಂದರು. ನಾನು ಅಂದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದರು. ಮತ್ತೆ ಹೋದೆವು. ಮತ್ತೆ ಅಕ್ಷರ ಚೆನ್ನಾಗಿದೆ ಅಂದರು. ಸಂಜೆವರೆಗೆ ಎಷ್ಟು ಸಲ ಹೋದೆವೋ ಎಣಿಸಲಿಲ್ಲ. ಒಂದು ಸಲ ಮಾತ್ರ ರೇಗಿದೆ. ಸುಳ್ಳು ಯಾಕೆ ಹೇಳಲಿ.

ಅಣ್ಣ ಭಾನುವಾರ ಬರುತ್ತಾನೆ. ಸಿನಿಮಾ ಬಾಕಿ ಅರ್ಧ ಅವನ ಜೊತೆ ನೋಡಬೇಕು ಅಂತ ಇದ್ದೇನೆ.

ನೇರಮಾತು
ಕೈಪಟ್ಟಿ?

ಸಂಜೆಗಾಳಿ
ಕಟ್ಟಿದೆ ಸರ್. ನೀಲಿ ಬಣ್ಣದ್ದು. ಅಂಗಿಗೆ ಹೊಂದುತ್ತದೆ ಅಂದರು.